ಟಕ್ ಎನ್ನದ ಪಿನ್ನು

"ಕೈ ತೆಗೀರಿ!"

ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಹಳದಿ ಬಕೆಟ್ಟು ಜಾರಿ ಮೇಜಿನ ಮೇಲೆ ಬಿತ್ತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಬರುವುದು ಅವಳ ಜಾಯಮಾನವೇ ಅಲ್ಲ. ಅಪರೂಪಕ್ಕೆ ಅವತ್ತು ಬಂದರೆ... ಅವಳೇ ತಿಂಗಳುಗಟ್ಟಲೆ ಹೆಣಗಿ ಕಟ್ಟಿದ ಆಟಿಕೆ ಜೆಸಿಬಿಯ ಹೊಟ್ಟೆಯೊಳಗೆ ಅವನ ಬೆರಳುಗಳು!

"ನನ್ನ ಮಾಡೆಲ್ ಹತ್ರ ಏನ್ ಮಾಡ್ತಿದ್ದೀರಿ?"

"ಏನಿಲ್ಲ... ಸುಮ್ನೆ ನೋಡ್ತಿದ್ದೆ."

"ನೋಡೋದು ಕಣ್ಣಲ್ಲಿ ರೀ, ಬೆರಳಲ್ಲಲ್ಲ!"

ಅವನು ತಲೆ ತಗ್ಗಿಸಿದ.

ಆ ಕಾರ್ಯಾಗಾರದಲ್ಲಿ ಆಟಿಕೆ ಬ್ಲಾಕುಗಳಿಂದ ಕ್ರೇನು, ಟಿಪ್ಪರು, ರೋಡ್ ರೋಲರುಗಳನ್ನು ಕಟ್ಟುತ್ತಿದ್ದರು. ಎಲ್ಲದರ ಒಳಗೂ ಪುಟ್ಟ ಮೋಟಾರು, ಗೇರು. ರಿಮೋಟ್ ಒತ್ತಿದರೆ ನಿಜವಾದ ಯಂತ್ರದ ಹಾಗೇ ಮಣ್ಣು ಅಗೆಯಬೇಕು, ಕಲ್ಲು ಎತ್ತಬೇಕು. ಅವುಗಳನ್ನು ಯೋಚಿಸಿ ಕಟ್ಟುವವಳು ಅವಳು. ಕಟ್ಟಿದ್ದನ್ನು ನೋಡಿ, ಯಾವ ಬ್ಲಾಕಿನ ಮೇಲೆ ಯಾವುದು ಕೂರಬೇಕು ಎಂದು ಮಕ್ಕಳಿಗೆ ಚಿತ್ರ ಬರೆದುಕೊಡುವವನು ಅವನು. ಇಬ್ಬರದೂ ಎದುರುಬದುರು ಮೇಜು.

ಅಲ್ಲಿಯವರು ಅವಳನ್ನು ಬುಲ್ಡೋಜರ್ ಅನ್ನುತ್ತಿದ್ದರು, ಹಿಂದಿನಿಂದ ಮಾತ್ರ. ಎದುರಿಗೆ ಅನ್ನುವ ಗುಂಡಿಗೆ ಯಾರಿಗೂ ಇರಲಿಲ್ಲ. ಅವನಿಗೆ ಮೌನಿ ಎಂದು ಹೆಸರು.

ಆ ಮೌನಿ ಎಂದರೆ ಬುಲ್ಡೋಜರಿಗೆ ಇಷ್ಟ... ತುಂಬಾ ಇಷ್ಟ! ತಾನು ಕಟ್ಟಿದ ಗೇರನ್ನು ಅವನು ಚಿತ್ರವಾಗಿಸುವ ಜೋಪಾನ ನೋಡಿದರೆ, ತನ್ನನ್ನೇ ಯಾರೋ ಕೂತು ಓದಿದಂತೆ ಅವಳಿಗೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಅದಕ್ಕೇ ಅವತ್ತು ಕಂಡದ್ದನ್ನು ಅವಳಿಗೆ ಸಹಿಸಲಾಗಲಿಲ್ಲ. ಹೋದ ತಿಂಗಳು ಇನ್ನೊಂದು ಕಂಪನಿ ಥೇಟು ಅವಳ ಕ್ರೇನಿನಂಥದ್ದೇ ಕ್ರೇನು ಮಾರಾಟಕ್ಕೆ ಇಟ್ಟಿತ್ತು. ಒಳಗಿನವರೇ ಯಾರೋ ವಿನ್ಯಾಸ ಕದ್ದು ಕೊಟ್ಟಿದ್ದಾರೆ ಎಂಬ ಗುಸುಗುಸು ಎದ್ದಿತ್ತು.

'ಇವನಾ? ಇವನೇನಾ?'

ಯಜಮಾನರ ಮುಂದೆ ಅವಳು ಎಲ್ಲ ಹೇಳಿದಳು. ಅವರು ಅವನನ್ನು ಕರೆಸಿ, "ಏನಪ್ಪಾ, ನಿಜಾನಾ?" ಅಂದರು.

'ಬಾಯಿ ಬಿಡಿ... ಸುಳ್ಳಾದ್ರೂ ಪರವಾಗಿಲ್ಲ, ಏನಾದ್ರೂ ಹೇಳಿ!' ಅವಳ ಮನಸ್ಸು ಅಂಗಲಾಚಿತು.

"ಮುಟ್ಟಿದ್ದು ನಿಜ ಸಾರ್."

ಮಾರನೇ ದಿನದಿಂದ ಅವನಿಗೆ ಹಿಂದಿನ ಕೋಣೆಯಲ್ಲಿ ಡಬ್ಬ ತುಂಬುವ ಕೆಲಸ. ಮೇಜು ಖಾಲಿ ಮಾಡುವಾಗ ಅವನು ಮೆಲ್ಲಗೆ ಅಂದ, "ಖರೀದಿ ಮಾಡೋರು ಬರೋ ಮುಂಚೆ... ಕೀಲಿನ ಪಿನ್ನುಗಳನ್ನ ಯಾರ ಹತ್ರಾನಾದ್ರೂ ಒಂದ್ಸಲ ಒತ್ತಿಸಿ."

"ನನಗೇ ಪಾಠ ಹೇಳ್ಕೊಡೋಕೆ ಬರ್ಬೇಡಿ!"

ಅವನೇನು ಕಿತ್ತು ಇಟ್ಟಿದ್ದಾನೋ ಎಂಬ ಅನುಮಾನಕ್ಕೆ ಅವಳು ಇಡೀ ಜೆಸಿಬಿಯನ್ನೇ ಬಿಚ್ಚಿ, ಮೊದಲಿನಿಂದ ಒಬ್ಬಳೇ ಕಟ್ಟಿದಳು. ರಾತ್ರಿ ಬೀರುವಿನೊಳಗಿಟ್ಟು ಬೀಗ ಹಾಕುತ್ತಿದ್ದಳು. ಬೇರೆಯವರ ನೆರಳೂ ಬೀಳಲು ಬಿಡಲಿಲ್ಲ.

ಮನೆಯಲ್ಲಿ ಅಕ್ಕ ನಕ್ಕಳು. "ಬೆಳಗ್ಗಿಂದ ಆ ಮೌನಿನ ಬೈಯೋದೇ ಜಪ. ಇಷ್ಟು ಸಲ ದೇವರ ಹೆಸರು ಹೇಳಿದ್ರೆ ಪುಣ್ಯನಾದ್ರೂ ಬರ್ತಿತ್ತು. ಬರೀ ಕೋಪ ಇದ್ರೆ ಇಷ್ಟು ಮಾತು ಬರಲ್ಲ ಕಣೆ ತಂಗಿ."

"ಸುಮ್ನಿರಕ್ಕ!"

"ಸರಿ ಬಿಡು. ಮನೆ ಬೀಗ ತೆಗೆಯೋಕೆ ಎರಡು ಕೈ ಯಾಕೆ ನಿಂಗೆ?"

"ಕೈ ಜೋಮು ಹಿಡಿದಿದೆ. ಕೆಲಸ ಜಾಸ್ತಿ."

ಖರೀದಿದಾರರು ಬಂದರು. ತಟ್ಟೆಯಲ್ಲಿ ಸಣ್ಣ ಜಲ್ಲಿಕಲ್ಲು ಸುರಿದಿತ್ತು. ಅವಳು ರಿಮೋಟ್ ಒತ್ತಿದಳು. ಬಕೆಟ್ಟು ಕಲ್ಲು ತುಂಬಿಕೊಂಡಿತು, ಹಳದಿ ತೋಳು ಮೇಲೆದ್ದಿತು... ಎದ್ದಿತು... ಅರ್ಧಕ್ಕೆ ಬಂದು ಕೀಲಿನಲ್ಲೇ ಕಳಚಿ ಬಿತ್ತು!

ಕಲ್ಲೆಲ್ಲ ಚೆಲ್ಲಾಪಿಲ್ಲಿ. ಮೋಟಾರು ಮಾತ್ರ ತನ್ನ ಪಾಡಿಗೆ ತಾನು ಗುರ್ ಎನ್ನುತ್ತಿತ್ತು.

"ಮಕ್ಕಳ ಕೈಗೆ ಇದನ್ನ ಕೊಡ್ಬೇಕಾ?" ಎಂದು ಒಬ್ಬರು ನಕ್ಕರು. ಆರ್ಡರು ಕೈತಪ್ಪಿತು.

ಎಲ್ಲರೂ ಹೋದ ಮೇಲೆ ಅವಳು ಕೀಲನ್ನು ಬಿಚ್ಚಿ ನೋಡಿದಳು. ಪಿನ್ನು ಪೂರ್ತಿ ಒಳಗೆ ಕೂತರೆ ಟಕ್ ಅನ್ನಬೇಕು. ಇಲ್ಲಿ ಒಂದೂ ಕೂತಿರಲಿಲ್ಲ. ಎಲ್ಲವೂ ತುದಿಯಲ್ಲೇ ನಿಂತಿದ್ದವು.

'ಅವನೇ... ಅವನೇ ಸಡಿಲ ಮಾಡಿದ್ದಾನೆ!'

ಆದರೆ ಹೇಗೆ? ಬಿಚ್ಚಿ ಕಟ್ಟಿದವಳು ಅವಳು. ಬೀಗ ಹಾಕಿದವಳೂ ಅವಳೇ.

ಹೊಸ ಪಿನ್ನೊಂದನ್ನು ತೆಗೆದು ಒತ್ತಿದಳು. ಟಕ್ ಅನ್ನಲಿಲ್ಲ. ಹಲ್ಲು ಕಚ್ಚಿ ಒತ್ತಿದಳು. ಇಲ್ಲ! ಮೊದಲ ಸಲ ತನ್ನ ಬಲಗೈಯನ್ನೇ ಸರಿಯಾಗಿ ನೋಡಿಕೊಂಡಳು. ಕಿರುಬೆರಳು ಸೊಟ್ಟಗಾಗಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು.

"ದಿನಾ ಮೇಜಿಗೆ ಮೊಣಕೈ ಊರಿ ಕೆಲಸ ಮಾಡ್ತೀರಾ?" ಡಾಕ್ಟರು ಕೇಳಿದರು. "ಅಲ್ಲಿ ನರ ಒತ್ತಿಹೋಗಿದೆ. ಆಪರೇಷನ್ ಮಾಡಿದ್ರೆ ಇನ್ನೂ ಕೆಡೋದು ನಿಲ್ಲಬಹುದು. ಹೋದ ಶಕ್ತಿ ವಾಪಸ್ ಬರುತ್ತೆ ಅಂತ ಆಸೆ ಹುಟ್ಟಿಸಲ್ಲಮ್ಮ. ಒಂದು ವರ್ಷ ಮುಂಚೆ ಬರ್ಬೇಕಿತ್ತು. ಇಷ್ಟು ದಿನ ಗೊತ್ತೇ ಆಗ್ಲಿಲ್ವಾ?"

ಹೇಗೆ ಗೊತ್ತಾಗಬೇಕು? ಅವಳು ಕಟ್ಟಿದ ಒಂದು ಮಾಡೆಲ್ಲೂ ಬಿದ್ದಿರಲಿಲ್ಲವಲ್ಲ!

ಆಸ್ಪತ್ರೆಯಿಂದ ನೇರ ಹಿಂದಿನ ಕೋಣೆಗೆ ಬಂದಳು. ಅವನು ರಟ್ಟಿನ ಡಬ್ಬಗಳ ನಡುವೆ ಕೂತಿದ್ದ.

"ಯಾವಾಗಿಂದ?"

ಏನು ಎಂದು ಅವನು ಕೇಳಲಿಲ್ಲ. "ಹೋದ ವರ್ಷ, ಟಿಪ್ಪರ್ ಚಿತ್ರ ಬರೆಯೋವಾಗ. ಪಿನ್ನುಗಳೆಲ್ಲ ಸಡಿಲ ಇದ್ವು. ಆಯಾಸ ಇರಬೇಕು ಅಂತ ನಾನೇ ಒತ್ತಿದೆ. ಮಾರನೇ ದಿನಾನೂ ಸಡಿಲ. ಆಮೇಲೆ... ದಿನಾ ಬೆಳಗ್ಗೆ ನೀವು ಬರೋ ಮುಂಚೆ ಒತ್ತಿಡ್ತಿದ್ದೆ."

"ಕಳ್ಳ ಅಂದಾಗ್ಲೂ ಯಾಕ್ರೀ ಹೇಳ್ಲಿಲ್ಲ?"

"ನಿಮ್ಮ ಕೈ ವಿಷ್ಯ ಯಜಮಾನರಿಗೆ ಗೊತ್ತಾಗ್ತಿತ್ತಲ್ಲ."

"ನನಗೆ? ನನಗ್ಯಾಕೆ ಹೇಳ್ಲಿಲ್ಲ?"

ಅವನು ಕೈಲಿದ್ದ ಡಬ್ಬ ಕೆಳಗಿಟ್ಟ. "ಹೇಳಿದ್ರೆ ಕೆಲಸ ಬಿಟ್ಟು ಹೋಗ್ತೀರಿ ಅನ್ನೋ ಭಯ. ಎದುರಿನ ಮೇಜು ಖಾಲಿಯಾದ್ರೆ... ನನ್ನ ಕೈಲಿ ಆಗ್ತಿರ್ಲಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ."

ಎಷ್ಟು ದಿನದಿಂದ ಕಾದಿದ್ದ ಮಾತು! ಬಂದದ್ದು ಮಾತ್ರ ಈ ಹೊತ್ತಿನಲ್ಲಿ.

"ಒಂದು ವರ್ಷ ಮುಂಚೆ ಬಂದಿದ್ರೆ ಕೈ ಉಳೀತಿತ್ತಂತೆ," ಅಂದಳು. "ನಿಮ್ಮ ಪ್ರೀತಿ ನನ್ನ ಕೈ ತಿಂದ್ಬಿಡ್ತು."

"ಹೌದು," ಎಂದವನೇ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಗಂಡಸೊಬ್ಬ ಹಾಗೆ ಬಿಕ್ಕಿ ಅಳುವುದನ್ನು ಅವಳು ನೋಡಿರಲಿಲ್ಲ. ಅವನನ್ನು ದ್ವೇಷಿಸಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡಳು. ಆಗಲಿಲ್ಲ. ಕ್ಷಮಿಸುವುದೂ ಆಗಲಿಲ್ಲ. ಬಾಗಿಲು ದಾಟಿ ಹೊರಟುಬಂದಳು.

ಆಪರೇಷನ್ ಆಯಿತು. ವಾರಗಳು ಕಳೆದವು. ಜೋಮು ಹೋಯಿತು, ಶಕ್ತಿ ಬರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ವಿನ್ಯಾಸ ಮಾಡಿದರೆ ಸಾಕು ಎಂದು ಯಜಮಾನರು ಹೇಳಿಕಳಿಸಿದರು. ಆದರೆ ಅವಳಿಗೆ ಯೋಚನೆ ಹೊಳೆಯುತ್ತಿದ್ದದ್ದೇ ಬೆರಳ ತುದಿಯಲ್ಲಿ. ಖಾಲಿ ಪರದೆಯ ಮುಂದೆ ಕೂತು ಅತ್ತು ಬರುತ್ತಿದ್ದಳು.

ಒಂದು ಭಾನುವಾರ ಅವನು ಮನೆಗೆ ಬಂದ. ಬಾಗಿಲು ತೆಗೆದ ಅಕ್ಕ ಮೇಲಿಂದ ಕೆಳಗೆ ನೋಡಿದಳು. "ಓಹೋ, ಇವರೇನಾ ಬೈಸಿಕೊಳ್ಳೋರು! ಬನ್ನಿ. ಈಗ ಬೈಯೋದನ್ನೂ ಬಿಟ್ಟಿದ್ದಾಳೆ, ಅದೇ ನನಗೆ ಭಯ."

ಕಿಟಕಿಯ ಪಕ್ಕ ಅವಳ ಮುಂದೆ ಅರ್ಧ ಕಟ್ಟಿದ ಪುಟ್ಟ ರೋಡ್ ರೋಲರು ಇತ್ತು. ಅವನು ನಿಂತೇ ಇದ್ದ.

"ಕೂತ್ಕೊಳ್ಳಿ," ಅಂದಳು. "ಒಂದು ಮಾತು ಕೊಡ್ತೀರಾ? ನನಗೆ ಗೊತ್ತಿಲ್ದ ಹಾಗೆ ಇನ್ನು ಒಂದು ಪಿನ್ನೂ ಒತ್ತಬಾರ್ದು."

"ಒತ್ತಲ್ಲ."

ಅವಳು ಪಿನ್ನು ತೆಗೆದುಕೊಂಡು ಒತ್ತಿದಳು. ಕುತ್ತಿಗೆಯ ನರ ಉಬ್ಬಿತು. ಅವನ ಕೈ ತಾನಾಗಿ ಮುಂದೆ ಬಂತು. ಅವನು ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಅದುಮಿಕೊಂಡ.

"ಕೂತಿದೆಯಾ?"

ಅವನ ಕಣ್ಣು ತುಂಬಿ ಬಂತು. ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು!

"ಇಲ್ಲ."

"ಸರಿಯಾಗಿ ನೋಡಿ."

"ನೋಡಿದೆ. ಕೂತಿಲ್ಲ."

ಅವಳ ಕೆನ್ನೆ ಮೇಲೆ ನೀರಿಳಿಯಿತು. ಮತ್ತೆ ಒತ್ತಿದಳು. "ಈಗ?"

"ಇಲ್ಲ."

"ಇದು ಯಾವತ್ತೂ ಕೂರಲ್ಲ ಅಂತ ಗೊತ್ತು ನಂಗೆ. ಆದ್ರೂ ಕೇಳ್ತೀನಿ. ಕೇಳಿದಾಗೆಲ್ಲ ನಿಜಾನೇ ಹೇಳ್ತೀರಾ?"

"ಬದುಕಿರೋವರ್ಗೂ."

ಅವಳು ಅವನ ಭುಜಕ್ಕೆ ತಲೆಯಾನಿಸಿ, ಆ ಸೋತ ಬೆರಳುಗಳಿಂದ ಇನ್ನೊಮ್ಮೆ ಒತ್ತಿದಳು.

"ಈಗ ಹೇಳೋ..."

"ಕೂತಿಲ್ಲ ಕಣೆ."