ವಂಜಿರು ಅಕ್ಕನ ಖುರ್ಚಿ

"ನಕೋ ನಕೋ! ಬ್ಯಾಡ್ರಿ, ಬಿಡ್ರಿ ಅಕ್ಕಾ! ಸಿಟ್! ಸಿಟ್ ಡೌನ್!"

ನಿಷಾ ಕಸಬರಿಗೆಯ ಒಂದು ತುದಿ ಹಿಡಿದು ಎಳೆಯುತ್ತಿದ್ದಳು. ಇನ್ನೊಂದು ತುದಿ ವಂಜಿರು ಅಕ್ಕನ ಕೈಯಲ್ಲಿತ್ತು. ಅಕ್ಕ ಕಾಲೇಜು ಓದುವ ಎತ್ತರದ ಹುಡುಗಿ. ಐದನೇ ಕ್ಲಾಸಿನ ನಿಷಾ ಅವಳ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುತ್ತಿದ್ದಳು, ಅಷ್ಟೇ. ಆದರೂ ಗೆದ್ದವಳು ನಿಷಾ. ಕಸಬರಿಗೆ ಕಸಿದುಕೊಂಡು, ಅಕ್ಕನನ್ನು ಖುರ್ಚಿಯಲ್ಲಿ ಕೂಡಿಸಿ, ಕೈಗೆ ಚಾ ಕೊಟ್ಟಳು.

"ಡ್ರಿಂಕ್ ಟೀ. ನೋ ಪ್ರಾಬ್ಲಮ್!"

ನಿಷಾಳ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಇಷ್ಟನ್ನೇ ಇಟ್ಟುಕೊಂಡು ಅವಳು ಕ್ಲಾಸಿನಲ್ಲಿ, "ನಮ್ಮ ಮನ್ಯಾಗ ಈಗ ಬರೇ ಇಂಗ್ಲಿಷೇ ಮಾತಾಡ್ತೇವಿ" ಎಂದು ಜಂಬ ಕೊಚ್ಚಿದ್ದಳು.

ವಂಜಿರು ಅಕ್ಕ ಬಂದದ್ದು ಆಫ್ರಿಕಾದ ಕೆನ್ಯಾ ದೇಶದಿಂದ. ಒಂದು ದೇಶದ ಹುಡುಗ ಹುಡುಗಿಯರು ಇನ್ನೊಂದು ದೇಶದ ಊರಿಗೆ ಹೋಗಿ, ಅಲ್ಲಿಯ ಮಂದಿಯ ಜೊತೆಯೇ ಇದ್ದು, ಸಂಬಳವಿಲ್ಲದೆ ಕೆಲಸ ಮಾಡುತ್ತಾರಂತೆ. ಅಂಥವರನ್ನು ಕಳಿಸುವ ಸಂಸ್ಥೆಯ ಸುಶೀಲಕುಮಾರ ಸರ್ ಅವಳನ್ನು ನಮ್ಮೂರು ಡಾಬಕಾಕ್ಕೆ ಕರೆತಂದಿದ್ದರು. ಕೆಲಸ, ಶಾಲೆಯ ಗೋಡೆಗೆ ಬಣ್ಣ ಹಚ್ಚುವುದು. ಇರುವುದು ನಿಷಾಳ ಮನೆಯಲ್ಲಿ.

ಮೊದಲ ದಿನ ಹೆಡ್‌ಮಾಸ್ಟರ್ ಶಿವರಾಜಪ್ಪ ಸರ್ ಜೋರಾಗಿ ಭಾಷಣ ಮಾಡಿದರು. "ಬ್ಯಾರೆ ಬ್ಯಾರೆ ದೇಶದ ಮಂದಿ ಕೂಡಿ ದುಡದ್ರ ಒಬ್ಬರಿಗೊಬ್ಬರು ತಿಳೀತಾರ. ಜಗಳ ಕಮ್ಮಿ ಆಗ್ತಾವ. ಲೋಕದಾಗ ಶಾಂತಿ ಬರ್ತದ!"

ಶಾಲೆಯ ಮಕ್ಕಳು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೂಡಲೇ ಸರ್ ತಮ್ಮ ರೂಮಿನ ಖುರ್ಚಿ ತರಿಸಿ, ಅಕ್ಕನನ್ನು ಬೇವಿನ ಮರದ ನೆರಳಿನಲ್ಲಿ ಕೂಡಿಸಿದರು. ಬಣ್ಣ ಹಚ್ಚಿದವರು ನಾವು.

ಏನು ಮಾಡುವುದು, ನಾವಿರುವುದೇ ಹೀಗೆ. ಮನೆಗೆ ಬಂದವರು ತಮ್ಮ ತಂಬಿಗೆಗೆ ತಾವೇ ನೀರು ತುಂಬಿಕೊಂಡರೂ ನಮ್ಮ ಮಾನ ಹೋಗುತ್ತದೆ. ಅಕ್ಕ ಬ್ರಷ್ ಹಿಡಿದರೆ ಒಬ್ಬರು ಕಸಿದುಕೊಂಡರು. ಬಕೆಟ್ ಹಿಡಿದರೆ ಇನ್ನೊಬ್ಬರು ಓಡಿ ಬಂದರು. ಊರಿಗೆ ಊರೇ ಅಕ್ಕನ ಕೈ ಖಾಲಿ ಮಾಡಲು ದುಡಿಯಿತು. ಅದರಲ್ಲಿ ಎಲ್ಲರಿಗಿಂತ ಚುರುಕು ನಿಷಾ. ಅತಿಥಿಗೆ ತಾನೇ ಇನ್‌ಚಾರ್ಜ್ ಎಂದು ಅವಳು ಯಾರನ್ನೂ ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದಳು.

ಕಸಬರಿಗೆ ಜಗ್ಗಾಟವಾದ ದಿನ ಸಂಜೆ ಸುಶೀಲಕುಮಾರ ಸರ್ ಔರಾದದಿಂದ ಬೈಕಿನಲ್ಲಿ ಬಂದರು. ಅಂಗಳದಲ್ಲಿ ಅಕ್ಕನ ಜೊತೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಒಳಗೆ ಬಂದು ನಿಷಾಳ ಅಜ್ಜಿ ರೂತಮ್ಮನ ಮುಂದೆ ಕೂತರು. ಅವರನ್ನು ಎಲ್ಲರೂ ಆಯಿ ಎಂದೇ ಕರೆಯುವುದು.

"ಆಯಿ, ನಾಳಿಗಿ ಇವರಿಗಿ ಭಾಲ್ಕಿಗಿ ಕರ್ಕೊಂಡು ಹೋಗ್ತೇನ್ರಿ. ಇನ್ನ ಅಲ್ಲೇ ಇರ್ತಾರ್ರಿ."

"ಯಾಕ್ರಿ ಸರ್? ಊಟ ಸರಿ ಆಗಿಲ್ಲೇನ್ರಿ? ಖಾರ ಕಮ್ಮಿ ಹಾಕ್ತೇನ್ರಿ."

"ಊಟದ ಮಾತಲ್ರಿ." ಸರ್ ದನಿ ಇಳಿಸಿದರು. "ಏನು ಹಿಡದ್ರೂ ಕೈಯಾಗಿಂದ ಕಸ್ಕೊಂತಾರಂತ. ‘ನಾ ಮುಟ್ಟಿದ್ದು ಇವರಿಗಿ ನಡ್ಯಲ್ಲೇನು? ನನ್ನ ಕೈ ಹೊಲಸಂತ ತಿಳದಾರೇನು?’ ಅಂತ ಕೇಳಿ ಅತ್ತರ್ರಿ."

"ಅಯ್ಯೋ ಕರ್ತಾ!" ಆಯಿ ಎದೆ ಹಿಡಿದುಕೊಂಡರು. "ನಾವು ಮರ್ಯಾದಿ ಮಾಡಿದೇವಲ್ರಿ!"

"ಅದು ನನಗ ತಿಳೀತದ್ರಿ. ಅವರಿಗಿ ಹ್ಯಾಂಗ ತಿಳೀಬೇಕು? ಮುಂಜಾನಿ ಜೀಪ್ ತರ್ತೇನಿ."

ಚಾ ತಂದ ನಿಷಾ ಬಾಗಿಲಲ್ಲೇ ನಿಂತುಬಿಟ್ಟಳು. ಸರ್ ಹೊರಟು ಹೋದ ಮೇಲೂ ಚಾದ ಕಪ್ ಅವಳ ಕೈಯಲ್ಲೇ ಇತ್ತು. ಬೆಳಿಗ್ಗೆ ತಾನು ಗೆದ್ದೆನೆಂದು ಕುಣಿದದ್ದು ನೆನಪಾಗಿ ಅವಳಿಗೆ ಬಹಳ ನಾಚಿಕೆಯಾಯಿತು.

ಇನ್ನೊಂದೂ ನೆನಪಾಯಿತು. ದಸರಾ ರಜೆಯಲ್ಲಿ ಅವಳು ಬೀದರಿಗೆ, ಚಿದ್ರಿಯ ಜಾಯ್ಸ ಅತ್ತೆಯ ಮನೆಗೆ ಹೋಗಿದ್ದಳು. ಅಲ್ಲಿ ಚಾದ ಕಪ್ ತೊಳೆಯಲು ಹೋದರೆ, "ಬಿಡವ್ವ, ನೀ ಕುಂದ್ರು." ಹಾಸಿಗೆ ಮಡಚಲು ಹೋದರೆ, "ಬಿಡವ್ವ." ದಿನವಿಡೀ ಸೋಫಾ, ಬಿಸ್ಕಿಟ್, ಟಿವಿ. ಊರಿಗೆ ಬಂದು, "ನಾ ಸೋಫಾದ ಮ್ಯಾಲೇ ಇದ್ದೆ" ಎಂದು ಎಲ್ಲರಿಗೂ ಹೇಳಿದ್ದಳು. ಅತ್ತೆಯ ಮನೆಯ ಬಾತ್‌ರೂಮಿನಲ್ಲಿ ಕೂತು ಅತ್ತದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅಡುಗೆಮನೆಯಲ್ಲಿ ಹೊಲದಿಂದ ತಂದ ಹಸಿ ತೊಗರಿಕಾಯಿಯ ಬುಟ್ಟಿ ಇತ್ತು. ನಿಷಾ ಅದನ್ನು ಹೊತ್ತು ಅಂಗಳಕ್ಕೆ ಬಂದಳು. ಅಕ್ಕ ಖುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹೇಳಬೇಕಾದ ಮಾತು ಬೆಟ್ಟದಷ್ಟಿತ್ತು. ಇಂಗ್ಲಿಷ್ ಒಂದು ಹಿಡಿಯೂ ಇರಲಿಲ್ಲ.

ನಿಷಾ ಬುಟ್ಟಿಯ ಅರ್ಧ ಕಾಯಿಗಳನ್ನು ಅಕ್ಕನ ಮಡಿಲಿಗೆ ಸುರಿದಳು. "ಅಕ್ಕಾ... ವರ್ಕ್. ಪ್ಲೀಸ್."

ಅಕ್ಕ ಅವಳ ಮುಖ ನೋಡಿದಳು. ಕಾಯಿಗಳನ್ನು ನೋಡಿದಳು. ಮೆಲ್ಲಗೆ ಖುರ್ಚಿಯಿಂದ ಇಳಿದು, ನೆಲದ ಮೇಲೆ ಕೂತು ಸುಲಿಯತೊಡಗಿದಳು.

ಆಯಿ ಹೊರಗೆ ಬಂದರು. "ಏ ನಿಷಾ! ಅವರ ಕೈಲೆ ಕೆಲಸ..." ಎಂದವರು ಸರ್ ಹೇಳಿದ್ದು ನೆನಪಾಗಿ, ತಾವೂ ಅಲ್ಲೇ ಕೂತರು. ಆದರೆ ಅಕ್ಕ ಕಾಳು, ಸಿಪ್ಪೆ ಎರಡನ್ನೂ ಒಂದೇ ತಟ್ಟೆಗೆ ಹಾಕುತ್ತಿದ್ದಳು. ಆಯಿ ಎಷ್ಟು ಹೊತ್ತು ಸಹಿಸಿಯಾರು?

"ಏ ಹುಡುಗಿ! ಸಿಪ್ಪಿ ಬ್ಯಾರೆ ಹಾಕು! ಕಣ್ಣು ಎಲ್ಲಿ ಇಟ್ಟಿ?"

ದಿನವೂ ನಿಷಾಳಿಗೆ ಬೀಳುವ ಬೈಗುಳ ಅದು. ಆಯಿಗೇ ಗಾಬರಿಯಾಯಿತು. ವಂಜಿರು ಅಕ್ಕನಿಗೆ ಮಾತು ತಿಳಿಯದಿದ್ದರೂ ತಾನು ಬೈಸಿಕೊಂಡದ್ದು ಚೆನ್ನಾಗಿ ತಿಳಿಯಿತು. ಡಾಬಕಾಕ್ಕೆ ಬಂದ ಮೇಲೆ ಮೊದಲ ಸಲ ಅವಳು ಬಿದ್ದು ಬಿದ್ದು ನಕ್ಕಳು.

ಆದರೆ ಬೆಳಿಗ್ಗೆ ಜೀಪು ಬರುವುದಿತ್ತಲ್ಲ!

ಮರುದಿನ ಅಕ್ಕನ ಜೊತೆ ನಿಷಾ ಬೇಗನೇ ಶಾಲೆಗೆ ಹೋದಳು. ಬೇವಿನ ಮರದ ಕೆಳಗೆ ಖುರ್ಚಿ ಆಗಲೇ ಬಂದಿತ್ತು. "ಬರ್ರಿ ಮೇಡಂ, ಕುಂದರ್ರಿ" ಎಂದು ಶಿವರಾಜಪ್ಪ ಸರ್ ಹೇಳುವಷ್ಟರಲ್ಲಿ ನಿಷಾ ಓಡಿ ಹೋಗಿ ತಾನೇ ಕೂತುಬಿಟ್ಟಳು. ಹೆಡ್‌ಮಾಸ್ಟರರ ಖುರ್ಚಿಯಲ್ಲಿ!

"ಏ ನಿಷಾ! ತಲಿ ಕೆಟ್ಟದೇನು? ಏಳು!"

"ಏಳಲ್ರಿ ಸರ್." ಅವಳು ಇನ್ನಷ್ಟು ಹಿಂದೆ ಸರಿದು ಕೂತಳು. "ನಾ ಎದ್ರ ನೀವು ಅಕ್ಕಗ ಕೂಡಸ್ತೀರಿ. ನಾವು ಎಲ್ಲಾ ಕಸ್ಕೊಂತೇವಂತ ಅಕ್ಕ ನಿನ್ನಿ ಅತ್ತಾರ್ರಿ."

ಸರ್ ತಿರುಗಿ ನೋಡಿದರು. ಅಕ್ಕ ಒಂದು ಬ್ರಷ್ ಎತ್ತಿಕೊಂಡು, ಯಾರಾದರೂ ಕಿತ್ತುಕೊಂಡಾರು ಎಂದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಸರ್ ತಲೆ ಕೆರೆದುಕೊಂಡರು. ಅವರ ಭಾಷಣ ಅವರಿಗೇ ನೆನಪಾಯಿತೋ ಏನೋ.

"ಹಚ್ಚರಿ ಮೇಡಂ," ಎಂದು ಕೈ ಮಾಡಿ ಗೋಡೆ ತೋರಿಸಿದರು.

ಜೀಪು ಬಂದಾಗ ಅಕ್ಕನ ಮೊಣಕೈವರೆಗೂ ನೀಲಿ ಬಣ್ಣವಾಗಿತ್ತು.

"ಭಾಲ್ಕಿ?" ಎಂದು ಸುಶೀಲಕುಮಾರ ಸರ್ ಕೇಳಿದರು.

"ಭಾಲ್ಕಿ ನಕೋ!" ಅಕ್ಕ ಬ್ರಷ್ ಆಡಿಸಿದಳು. "ನಕೋ ನಕೋ!"

ಎಲ್ಲರೂ ಹೋ ಎಂದು ನಕ್ಕರು. ನಮ್ಮ ಮಾತಿನಲ್ಲಿ ಅಕ್ಕನಿಗೆ ಬರುತ್ತಿದ್ದದ್ದು ಅದೊಂದೇ. ಕಲಿಸಿದವಳು ಖುರ್ಚಿಯಲ್ಲಿ ಕೆಂಪಗಾಗಿ ಕೂತಿದ್ದಳು.

ಅಕ್ಕ ಹಚ್ಚಿದ ಬಣ್ಣ ಸೊಟ್ಟಗಿತ್ತು. ಗೋಡೆಗಿಂತ ನೆಲಕ್ಕೇ ಹೆಚ್ಚು ಬಿದ್ದಿತ್ತು. ಓಡಿ ಹೋಗಿ ಬ್ರಷ್ ಕಸಿದುಕೊಳ್ಳಲು ನಿಷಾಳ ಕೈ ತುರಿಸಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಒತ್ತಿ ಕೂತಳು. ಖುರ್ಚಿಯಲ್ಲಿ ಸುಮ್ಮನೆ ಕೂರುವುದು ಬಹಳ ಕಷ್ಟವಾಗಿತ್ತು.

ಅಕ್ಕ ತಿರುಗಿ ಅವಳನ್ನು ನೋಡಿದಳು. ತುಂಬಿದ ಬಣ್ಣದ ಬಕೆಟ್ ತೋರಿಸಿ ಕೂಗಿದಳು. "ನಿಷಾ! ವರ್ಕ್!"

ನಿಷಾ ಖುರ್ಚಿಯಿಂದ ಜಿಗಿದು ಓಡಿದಳು. ಬಕೆಟ್ಟಿನ ಹಿಡಿಕೆಗೆ ಒಂದು ಕಡೆಯಿಂದ ಅಕ್ಕ ಕೈ ಹಾಕಿದಳು, ಇನ್ನೊಂದು ಕಡೆಯಿಂದ ನಿಷಾ. ಈ ಸಲ ಇಬ್ಬರೂ ಜಗ್ಗಲಿಲ್ಲ.