ಗೆದ್ದಲು ತಿಂದ ಹಾಳೆಗಳು

ಬೀರುವಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ರಾಮಪ್ರಸಾದ ಬೀಗದ ಕೈ ತಿರುಗಿಸಿ ಬಾಗಿಲು ತೆಗೆದ. ಮಕ್ಕಳು ಬಿಡಿಸಿದ ಚಿತ್ರಗಳು, ಕಸೂತಿ ಹಾಕಿದ ಎರಡು ಸೆರಗು, ಯಾರದೋ ಮರದ ಗೊಂಬೆ. ಶನಿವಾರ ಸಂಜೆ ಒಳಗಿಟ್ಟದ್ದೆಲ್ಲ ಭಾನುವಾರ ಬೆಳಿಗ್ಗೆ ಅಲ್ಲೇ ಇತ್ತು. ಇಲ್ಲದ್ದು ಒಂದೇ. ಡೊನಾಲ್ಡ್ ಲಸ್ರಾದೊ ಅವರ ಖಾಕಿ ಚೀಲ. ಅದರೊಳಗಿನ ಐದು ನೋಟುಬುಕ್ಕು.

ಡೊನಾಲ್ಡರು ಬೀರುವಿನ ಕೆಳಗಿನ ಅರೆಗೆ ಮೊಣಕಾಲೂರಿ ಕೈ ಹಾಕಿದರು. ಮೇಲಿನ ಅರೆ ತಡಕಿದರು. ಮತ್ತೆ ಕೆಳಗಿನದು. ಆಮೇಲೆ ಎದ್ದು ನಿಂತರು. ಅರವತ್ತೆರಡು ವರ್ಷದ ಗಂಡ ಮತ್ತೊಮ್ಮೆ ಬಗ್ಗದಂತೆ ಕ್ರಿಸ್ಟೀನ್ ಬಾಯಿಯವರು ತೋಳು ಹಿಡಿದರು.

ಅದು ಎರಡು ಸಾವಿರದ ಮೂರನೇ ಇಸವಿಯ ನವೆಂಬರ್. ಇಂಗ್ಲಿಷರ ನಾಡಿನ ಕ್ರೋಯ್ಡನ್ನಿನ ಬಾಡಿಗೆ ಹಾಲ್‌ನಲ್ಲಿ ಕನ್ನಡ ಸಂಘದವರು ಎರಡು ದಿನದ ಪ್ರದರ್ಶನ ಇಟ್ಟಿದ್ದರು. ಸದಸ್ಯರು ಸ್ವಂತ ಕೈಯಿಂದ ಮಾಡಿದ್ದು ಏನಿದೆಯೋ ಅದನ್ನು ಮೇಜಿನ ಮೇಲೆ ತಂದಿಡಬೇಕು. ಡೊನಾಲ್ಡರು ಪಕ್ಕದ ಸಟನ್ನಿನ ಒಂದು ಆಸ್ಪತ್ರೆಯಲ್ಲಿ ಪೋರ್ಟರ್, ರೋಗಿಗಳನ್ನು ಹಾಸಿಗೆ ಸಮೇತ ವಾರ್ಡಿನಿಂದ ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವ ಕೆಲಸ. ಹದಿನಾರನೇ ವಯಸ್ಸಿಗೆ ಕರಾವಳಿಯ ಶಂಕರಪುರದ ಮಲ್ಲಿಗೆ ಗಿಡಗಳನ್ನು ಬಿಟ್ಟು ಸೆಮಿನರಿಗೆ ಸೇರಿ, ಆರು ವರ್ಷ ಲ್ಯಾಟಿನ್ ಕಲಿತು, ಪಾದ್ರಿಯಾಗದೆ ಹೊರಬಂದವರು. ಹೊರಗೆ ಬರುವಾಗ ಅಲ್ಲಿಯವರು ಬಿಸಾಡಿದ ಪುಸ್ತಕಗಳ ರಾಶಿಯಿಂದ ಒಂದನ್ನು ಎತ್ತಿಕೊಂಡಿದ್ದರು. ಎರಡು ಸಾವಿರ ವರ್ಷದ ಹಿಂದೆ ಲಿವಿ ಎಂಬ ಇತಿಹಾಸಕಾರ ಬರೆದ ರೋಮಿನ ಕಥೆಯ ಮೊದಲ ಐದು ಭಾಗ, ಊರು ಕಟ್ಟಿದಂದಿನಿಂದ ಶತ್ರುಗಳು ಅದನ್ನು ಸುಟ್ಟ ದಿನದವರೆಗೆ. ಹನ್ನೊಂದು ವರ್ಷ, ಪಾಳಿ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಅದನ್ನು ಕನ್ನಡಕ್ಕೆ ಇಳಿಸಿದ್ದರು. ಜೆರಾಕ್ಸ್ ಮಾಡಿಸಿಡಿ ಎಂದು ಕ್ರಿಸ್ಟೀನ್ ಬಾಯಿ ನೂರು ಸಲ ಹೇಳಿದ್ದರು. ಟಿಪ್ಪಣಿ ಮುಗಿಯಲಿ ಎಂದು ಇವರು ಮುಂದೂಡಿದ್ದರು.

"ಕೀ ಯಾರ ಹತ್ರ ಇದ್ದದ್ದು?" ಎಂದು ಕೇಳಿದರು ಡೊನಾಲ್ಡರು.

"ನನ್ ಹತ್ರ, ಅಂಕಲ್. ನಾನೇ ಸೆಕ್ರೆಟರಿ ಅಲ್ವಾ?"

"ಬೇರೆ ಕೀ ಉಂಟಾ?"

"ಇಲ್ಲ."

"ಹಾಗಾದ್ರೆ ಕಳ್ಳ ಯಾರು?"

ಹಾಲ್‌ನಲ್ಲಿ ನಲವತ್ತು ಜನ ಇದ್ದರು. ರಾಮಪ್ರಸಾದನ ಒಂಬತ್ತು ವರ್ಷದ ಮಗಳು ಸಿರಿಶಾ ಅಪ್ಪನ ಕೋಟಿನ ತುದಿ ಹಿಡಿದು ನಿಂತಿದ್ದಳು. ಅವನು ಏನೋ ಹೇಳಹೊರಟ. ಡೊನಾಲ್ಡರು ಬಿಡಲಿಲ್ಲ. ಕಳ್ಳ ಎಂದರು, ಮೂರು ಸಲ ಎಂದರು, ಹುಡುಗಿಯ ಎದುರಿಗೇ ಎಂದರು. ಅವಳು ಕನ್ನಡ ಆಡುತ್ತಿರಲಿಲ್ಲ, ಆದರೆ ಆ ಮಾತು ಅವಳಿಗೆ ತಿಳಿಯಿತು.

ಆಗ ಗುಂಪನ್ನು ಸರಿಸಿಕೊಂಡು ಬಂದು ಡೊನಾಲ್ಡರ ಹೆಗಲಿಗೆ ಕೈ ಹಾಕಿದವರು ಪ್ರೊಫೆಸರ್ ಜಗನ್ನಾಥ. ಮೈಸೂರಿನಲ್ಲಿ ಮೂವತ್ತೈದು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತರಾಗಿ, ಸಟನ್ನಿನ ಮಗನ ಮನೆಯಲ್ಲಿದ್ದರು. ಕಣ್ಣಿಗೆ ಪೊರೆ ಬಂದು ದಪ್ಪ ಕನ್ನಡಕ ಹಾಕಿಕೊಂಡವರು. ತಮಗೆ ಆ ಹಸ್ತಪ್ರತಿಯ ಒಂದು ಪುಟವನ್ನೂ ತೆರೆದು ನೋಡುವ ಭಾಗ್ಯ ಸಿಗಲಿಲ್ಲವೆಂದು ಅವರು ಬಹಳ ನೊಂದುಕೊಂಡರು.

ಪೊಲೀಸರು ಬಂದು ದೂರಿನ ಒಂದು ನಂಬರು ಕೊಟ್ಟು ಹೋದರು. ನೋಟುಬುಕ್ಕಿಗಾಗಿ ಅವರು ಬೆವರು ಸುರಿಸುವುದಿಲ್ಲವೆಂಬುದು ಆ ನಂಬರು ಬರೆದುಕೊಟ್ಟ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೂರನೆಯ ದಿನ ಕ್ರಿಸ್ಟೀನ್ ಬಾಯಿ ಗಂಡನಿಗೆ ಹೇಳದೆ ಜಗದೇವಪ್ಪನವರನ್ನು ಮನೆಗೆ ಕರೆಸಿದರು. ಅವರು ಬೀದರಿನ ಕಡೆ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವರು, ಈಗ ಕ್ರೋಯ್ಡನ್ನಿನಲ್ಲಿ ಮಗಳು ಮೀರಾಳ ಫ್ಲಾಟಿನಲ್ಲಿ ಇದ್ದಾರೆ. ಚಹಾ ಕುಡಿದು ಮುಗಿಸುವವರೆಗೆ ಅವರು ಕಳವಿನ ಸುದ್ದಿ ಎತ್ತಲಿಲ್ಲ. ಡೊನಾಲ್ಡರಿಗೆ ಅದೇ ಸಿಟ್ಟು.

"ಆ ರಾಮಪ್ರಸಾದನನ್ನು ಹಿಡಿದು ಕೇಳುವುದು ಬಿಟ್ಟು ನೀವು ಇಲ್ಲಿ ಎಂತ ಮಾಡ್ತೀರಿ ಮಾರಾಯ್ರೆ?"

"ಎತ್ತು ಕಳುವಾದ್ರ ನಾವು ಮೊದಲು ಕಳ್ಳನ್ನ ಕೇಳಂಗಿಲ್ರಿ ಸಾಹೇಬ್ರ. ಎತ್ತಿನ ಕೋಡು ಕೇಳ್ತೀವಿ, ಸುಳಿ ಕೇಳ್ತೀವಿ. ಮಾಲ್ ಹ್ಯಾಂಗಿತ್ತು, ಹೇಳ್ರಿ."

ಡೊನಾಲ್ಡರು ಗೊಣಗುತ್ತಲೇ ಹೇಳಿದರು. ನೀಲಿ ರಟ್ಟು, ಇನ್ನೂರು ಪುಟ, ಇರುವೆ ಸಾಲಿನಂಥ ಸಣ್ಣ ಅಕ್ಷರ, ಕಪ್ಪು ಶಾಯಿ. ಚೀಲವನ್ನು ಶನಿವಾರ ಬೀರುವಿಗೆ ಇಟ್ಟದ್ದು ಯಾರೆಂದು ಜಗದೇವಪ್ಪ ಕೇಳಿದರು. ತಾನು ರಾತ್ರಿ ಪಾಳಿಗೆಂದು ಬೇಗ ಹೊರಟಿದ್ದೆ, ಉಳಿದವರೆಲ್ಲ ಸೇರಿ ಎತ್ತಿಟ್ಟರು ಎಂದರು ಡೊನಾಲ್ಡರು.

"ಬುಕ್ಕಿನ್ಯಾಗ ಎಲ್ಲಾ ಲಿವಿಂದೇ ಏನ್ರಿ? ಮತ್ತೊಬ್ಬರ್ದು ಏನರ ಸೇರಿತ್ತೇನು?"

"ಸೇರಿಸಿದ್ದಕ್ಕೆ ಲೆಕ್ಕ ಉಂಟು," ಎಂದು ಡೊನಾಲ್ಡರು ಸೆಟೆದು ಕೂತರು.

ಅವರ ಲ್ಯಾಟಿನ್ ಪುಸ್ತಕದಲ್ಲಿ ನಾಲ್ಕು ಹಾಳೆ ಗೆದ್ದಲು ತಿಂದಿತ್ತು. ಇಂಗ್ಲಿಷಿನಿಂದ ಲಿವಿಯನ್ನು ಇಳಿಸುವುದಿಲ್ಲ ಎಂಬ ಹಟ ಇವರದು. ಲ್ಯಾಟಿನ್ ಪ್ರತಿ ಸಿಗುವವರೆಗೆ ಜಾಗ ಖಾಲಿ ಇರಬಾರದೆಂದು, ಅದೇ ಕಾಲದಲ್ಲಿ ರೋಮಿನಲ್ಲಿದ್ದ ಒಬ್ಬ ಗ್ರೀಕ್ ಇತಿಹಾಸಕಾರ ಅದೇ ಕಥೆಯನ್ನು ಹೇಗೆ ಬರೆದಿದ್ದನೋ ಅದನ್ನು ತಂದು ಅಲ್ಲಿ ಕೂರಿಸಿದ್ದರು. ಅಂಥ ಕಡೆಯಲ್ಲೆಲ್ಲ ಅಂಚಿಗೆ ತೆಳು ನೀಲಿ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಅದೇ ಪೆನ್ಸಿಲಿನಲ್ಲಿ ಆ ಗ್ರೀಕನ ಹೆಸರು. ಸೆಮಿನರಿಯ ಲ್ಯಾಟಿನ್ ಗುರುಗಳು ಹಾಕಿಕೊಟ್ಟ ಪದ್ಧತಿ ಅದು. ಬೇರೆಯವನ ಮಾತು ತಂದಲ್ಲಿ ಆ ಗೆರೆ ಎಳೆಯದಿದ್ದರೆ ಅವರು ಇಡೀ ಹಾಳೆಯನ್ನು ಹರಿದು ಕೈಗೆ ಕೊಡುತ್ತಿದ್ದರಂತೆ.

ಜಗದೇವಪ್ಪ ಬರೆದುಕೊಂಡರು. ಎದ್ದು ಹೋಗುವಾಗ ಗೆದ್ದಲು ತಿಂದ ಆ ಪುಸ್ತಕವನ್ನು ಕೇಳಿ ತೆಗೆದುಕೊಂಡರು.

ಆಮೇಲೆ ಎರಡು ವಾರ ಸುದ್ದಿಯಿಲ್ಲ. ಸಂಘದವರು ರಾಮಪ್ರಸಾದನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿದರು. ಅವನು ಎರಡು ಸಲ ಫೋನ್ ಮಾಡಿದ. ಡೊನಾಲ್ಡರು ಎರಡೂ ಸಲ ಅವನ ದನಿ ಕೇಳಿದೊಡನೆ ಇಟ್ಟರು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಟ್ರಾಲಿ ತಳ್ಳುವಾಗ ಮೊದಲ ಪುಟದ ಮೊದಲ ವಾಕ್ಯ ನೆನಪು ಮಾಡಿಕೊಳ್ಳುತ್ತಿದ್ದರು. ಎರಡನೆಯದಕ್ಕೆ ನಿಲ್ಲುತ್ತಿತ್ತು. ಮನೆಗೆ ಬಂದು ತಟ್ಟೆ ದೂಡುತ್ತಿದ್ದರು. ಪ್ರೊಫೆಸರ್ ಜಗನ್ನಾಥ ಮಾತ್ರ ಒಂದು ದೊಡ್ಡ ಉಪಕಾರ ಮಾಡಿದರು. ಡೊನಾಲ್ಡರ ನಷ್ಟಕ್ಕೆ ಸಮಾಧಾನವಾಗಿ ಸಂಘದಲ್ಲಿ ರೋಮಿನ ಕಥೆಯ ಉಪನ್ಯಾಸ ಕೊಟ್ಟರು. ಆ ಹಾಲ್‌ಗೆ ಮತ್ತೆ ಕಾಲಿಡುವುದಿಲ್ಲವೆಂದು ಡೊನಾಲ್ಡರು ಹೋಗಲಿಲ್ಲ. ಜಗದೇವಪ್ಪ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದರಂತೆ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಜಗದೇವಪ್ಪ ಗಂಡಹೆಂಡಿರನ್ನು ಜಗನ್ನಾಥರ ಮಗನ ಮನೆಗೆ ಕರೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಕಂಕುಳಲ್ಲಿ ಎರಡು ಪುಸ್ತಕ ಇದ್ದವು.

ಜಗನ್ನಾಥರು ಕಾಫಿ ತರಿಸಿದರು. ಜಗದೇವಪ್ಪ ಉಪನ್ಯಾಸವನ್ನು ಹೊಗಳಿದರು.

"ಆ ಹೆಂಗಸ್ರ ಕಥಿ ಭಾಳ ಚಂದ ಹೇಳಿದ್ರಿ ಸರ. ರೋಮಿನವ್ರು ಪಕ್ಕದ ಸೀಮಿ ಹುಡುಗ್ಯಾರನ್ನ ಹೊತ್ಕೊಂಡು ಹೋದ್ರು. ಅವ್ರ ಅಪ್ಪಂದಿರು ದಂಡು ಕಟ್ಕೊಂಡು ಬಂದ್ರು. ಆವಾಗ ಆ ಹೆಣ್ಮಕ್ಕಳು ಏನ್ ಮಾಡಿದ್ರು ಅಂದ್ರಿ?"

"ಕಂಕುಳಲ್ಲಿ ಕೂಸು ಎತ್ತಿಕೊಂಡು, ರೋಮಿನ ಹಿರಿಯರ ಅನುಮತಿ ಪಡೆದು, ತಂದೆಯರ ಬಿಡಾರಕ್ಕೆ ಸಂಧಾನಕ್ಕೆ ಹೋದರು. ಅದ್ಭುತವಾದ ಸನ್ನಿವೇಶ, ಅಲ್ಲವೆ?"

"ಲಿವಿ ಹಾಂಗ ಬರದಾನೇನ್ರಿ?"

"ಮತ್ತೆ? ಮೂಲದಲ್ಲೇ ಓದಿದ್ದೇನೆ. ಲ್ಯಾಟಿನ್ನಿನಲ್ಲಿ."

ಡೊನಾಲ್ಡರು ಕೈಯಲ್ಲಿದ್ದ ಲೋಟವನ್ನು ಮೇಜಿಗೆ ಕುಕ್ಕಿ ಎದ್ದರು. ಬಿಡಾರ, ಕಂಕುಳಿನ ಕೂಸು, ಹಿರಿಯರ ಅನುಮತಿ. ಆ ಸಾಲು ಬರೆದ ದಿನ ಹೊರಗೆ ಹಿಮ ಬೀಳುತ್ತಿತ್ತು. ಬೆರಳು ಸೆಟೆದು, ಬಿಸಿನೀರಿನ ಬಾಟಲಿ ಹಿಡಿದುಕೊಂಡು ಬರೆದಿದ್ದರು.

"ಕೂತ್ಕೋರಿ ಸಾಹೇಬ್ರ," ಎಂದು ಜಗದೇವಪ್ಪ ಅವರ ಮೊಣಕೈ ಹಿಡಿದರು. ಆಮೇಲೆ ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕ ತೆರೆದರು. ಮಗಳ ಹತ್ತಿರ ಅರ್ಥ ಕೇಳುತ್ತ ದಿನಕ್ಕೆ ನಾಲ್ಕು ಪುಟದಂತೆ ಅದನ್ನು ಓದಿದೆನೆಂದರು. ಲಿವಿಯಲ್ಲಿ ಬಿಡಾರವಿಲ್ಲ, ಅನುಮತಿಯಿಲ್ಲ. ಯುದ್ಧ ನಡೆಯುತ್ತಿರುವಾಗಲೇ ಆ ಹೆಂಗಸರು ತಲೆಗೂದಲು ಬಿಚ್ಚಿ, ಉಟ್ಟದ್ದು ಹರಿದು, ಹಾರುವ ಈಟಿಗಳ ನಡುವೆ ನುಗ್ಗುತ್ತಾರೆ. ಒಂದು ಕಡೆ ಅಪ್ಪ, ಒಂದು ಕಡೆ ಗಂಡ.

"ಲಿವಿನ್ನ ಓದಿದವ್ರು ಇದನ್ನ ಮರೀಲಾಕ ಸಾಧ್ಯನೇ ಇಲ್ಲ, ಸರ. ನೀವು ಹೇಳಿದ್ದು ಆ ಗ್ರೀಕಂದು. ಲಿವಿ ಅಂತ ಹೆಸರು ಹೊತ್ತು ಆ ಕಥಿ ಇರೋದು ಒಂದೇ ಕಡಿ. ಡೊನಾಲ್ಡ್ ಸಾಹೇಬ್ರ ಮೊದಲನೇ ನೋಟುಬುಕ್ಕು, ಗೆದ್ದಲು ತಿಂದ ಜಾಗದಾಗ."

ಜಗನ್ನಾಥರು ನಕ್ಕರು. ಕದ್ದವನು ತಾನಾಗಿದ್ದರೆ ಅಂಚಿನಲ್ಲಿರುವ ಆ ಗ್ರೀಕನ ಹೆಸರು ಕಾಣುತ್ತಿರಲಿಲ್ಲವೆ, ಅಷ್ಟು ದಡ್ಡನೆ ತಾನು ಎಂದರು.

ಜಗದೇವಪ್ಪ ಪುಸ್ತಕ ಮುಚ್ಚಿದರು.

"ಅಂಚಿನ್ಯಾಗ ಹೆಸರು ಅದ ಅಂತ ನಿಮಗ ಯಾರು ಹೇಳಿದ್ರಿ ಸರ? ನಾನಂತೂ ಹೇಳಿಲ್ಲ. ನೀವು ಒಂದು ಪುಟಾನೂ ತೆಗೆದು ನೋಡಿಲ್ಲ ಅಂದಿದ್ರಿ."

ಜಗನ್ನಾಥರು ಕಾಫಿ ಲೋಟಕ್ಕೆ ಕೈ ಚಾಚಿದರು. ಜಗದೇವಪ್ಪ ಮುಂದುವರಿಸಿದರು.

"ಶನಿವಾರ ಚೀಲ ಒಯ್ದಾಗ ನೀವು ಒಂದ್ಸಲ ಮ್ಯಾಲಮ್ಯಾಲೆ ತಿರುವಿ ಹಾಕೀರಿ. ಅಲ್ಲಲ್ಲಿ ಏನೋ ಹೆಸರು ನೋಡೀರಿ, ಎಲ್ಲೆಲ್ಲಿ ಅನ್ನೋದು ನೆನಪಿಲ್ಲ. ನಿಮ್ಮ ಕಣ್ಣಿಗೆ ಪೊರಿ. ಇರುವಿಯಂಥ ಅಕ್ಷರ ಓದಾಕ ಬರಂಗಿಲ್ಲ. ಅದಕ್ಕ ದೊಡ್ಡದು ಮಾಡಿ ಜೆರಾಕ್ಸ್ ತಗಸೀರಿ. ಲೈಬ್ರರಿ ಮಷೀನು ಕಪ್ಪು ಶಾಯಿ ಎತ್ಕೋತದ, ತೆಳು ನೀಲಿ ಪೆನ್ಸಿಲು ಎತ್ಕೊಳ್ಳಂಗಿಲ್ಲ. ನಾನು ಮಗಳ ನೀಲಿ ಪೆನ್ಸಿಲಿನಿಂದ ಬರದು ಅದೇ ಮಷೀನಿಗೆ ಹಾಕಿ ನೋಡೀನಿ. ಬೆಳ್ಳಗೆ ಬಂತು. ಗೆರಿನೂ ಹೋತು, ಹೆಸರೂ ಹೋತು. ಉಳಿದದ್ದೆಲ್ಲ ಲಿವಿದೇ ಅಂತ ನೀವು ನಂಬಿದ್ರಿ."

ಸಟನ್ನಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು ನೆನಪಿಟ್ಟುಕೊಂಡಿದ್ದಳು. ದಪ್ಪ ಕನ್ನಡಕದ ಒಬ್ಬರು ಎರಡು ದಿನ ಆ ಯಂತ್ರ ಬಿಡದ್ದಕ್ಕೆ ಹಿಂದೆ ನಿಂತವರೆಲ್ಲ ಬೈದಿದ್ದರಂತೆ. ಬೀಗ ಒಡೆಯದೆ ಇದ್ದದ್ದಕ್ಕೆ ಕಾರಣ ಇನ್ನೂ ಸರಳ. ಚೀಲ ಬೀರುವಿನ ಒಳಗೆ ಹೋಗಿಯೇ ಇರಲಿಲ್ಲ. ಶನಿವಾರ ಡೊನಾಲ್ಡರ ಮೇಜು ಖಾಲಿ ಮಾಡಿದವರು ಜಗನ್ನಾಥ. ಅವರ ಓವರ್‌ಕೋಟಿನ ಅಡಿಯಲ್ಲಿ ಅದು ಹೊರಗೆ ಹೋಯಿತು. ರಾಮಪ್ರಸಾದ ಬರೀ ಬೀಗ ಹಾಕಿದ.

"ಒರಿಜಿನಲ್ ಎಲ್ಲಿ?" ಎಂದರು ಡೊನಾಲ್ಡರು.

ಜಗನ್ನಾಥರು ಕನ್ನಡಕ ತೆಗೆದು ಒರೆಸಿದರು. ಕೌನ್ಸಿಲ್‌ನವರು ಹಳೆ ಕಾಗದ ಒಯ್ಯುವ ಡಬ್ಬಿಗೆ ಹಾಕಿದೆ, ಹೋಗಿ ಎರಡು ವಾರವಾಯಿತು ಎಂದರು. ಮನೆಯಲ್ಲಿ ಇಟ್ಟುಕೊಂಡರೆ ಮಗ ಕೇಳುತ್ತಿದ್ದ. ತಮ್ಮ ಹೆಸರಿನಲ್ಲಿ ಪುಸ್ತಕ ತರಲು ಮೈಸೂರಿನ ಪ್ರಕಾಶಕರಿಗೆ ಕಾಗದ ಬರೆದಾಗಿತ್ತು. ಆಮೇಲೆ ಜಗನ್ನಾಥರಿಗೂ ಸಿಟ್ಟು ಬಂತು.

"ಒಂದು ಮಾತು ನೇರವಾಗಿ ಹೇಳುತ್ತೇನೆ, ಡೊನಾಲ್ಡ್. ಆಸ್ಪತ್ರೆಯಲ್ಲಿ ಟ್ರಾಲಿ ತಳ್ಳುವವನ ಹೆಸರಿದ್ದರೆ ಆ ಪುಸ್ತಕವನ್ನು ಯಾವ ವಿಶ್ವವಿದ್ಯಾಲಯ ಕೈಯಲ್ಲಿ ಹಿಡಿಯುತ್ತಿತ್ತು? ನಿಮ್ಮ ಕರಾವಳಿಯ ಕನ್ನಡವನ್ನು ತಿದ್ದಿ, ನಾನು ಅದನ್ನು ಉಳಿಸುತ್ತಿದ್ದೆ."

"ಲಿವಿಯ ಭಾಷೆಯಲ್ಲಿ ಅವನ ಊರಿನ ವಾಸನೆ ಉಂಟು ಅಂತ ರೋಮಿನ ದೊಡ್ಡವರು ನಕ್ಕಿದ್ದರು," ಎಂದರು ಡೊನಾಲ್ಡರು. "ನಗುವುದು ಒಂದು. ಆದ್ರೆ ಅವನ ಬರಹವನ್ನು ಕಸಕ್ಕೆ ಹಾಕಿದ್ದು ಯಾರೂ ಇಲ್ಲ."

ಮುಂದೆ ಹೋಗಿ ಆ ಮುದುಕನ ಕತ್ತು ಹಿಡಿಯಬೇಕೆಂದು ಕೈ ತುಡಿಯಿತು. ಅಷ್ಟರಲ್ಲಿ ಕ್ರಿಸ್ಟೀನ್ ಬಾಯಿ ಎದ್ದು, ಯಾರನ್ನೂ ಕೇಳದೆ ಒಳಕೋಣೆಗೆ ನಡೆದರು. ಮಂಚದ ಕೆಳಗಿನಿಂದ ಎರಡು ರಟ್ಟಿನ ಪೆಟ್ಟಿಗೆ ಎಳೆದು ತಂದರು. ದೊಡ್ಡ ದೊಡ್ಡ ಅಕ್ಷರದ ಕಾಗದಗಳು. ಗಂಡನ ಕೈಬರಹ ಅಷ್ಟು ದೊಡ್ಡದಾಗಿ ಅವರು ನೋಡಿರಲಿಲ್ಲ. ಪೊಲೀಸರಿಗೆ ಫೋನ್ ಮಾಡಿ ಎಂದು ಜಗದೇವಪ್ಪನವರಿಗೆ ಹೇಳಿ, ಒಂದು ಪೆಟ್ಟಿಗೆಯನ್ನು ಗಂಡನ ಕೈಗಿಟ್ಟರು.

ಡೊನಾಲ್ಡರು ಅದನ್ನು ಮತ್ತೆ ಅವರಿಗೇ ಕೊಟ್ಟರು. ಮನೆಗೆ ಹೋಗದೆ ನೇರ ಕ್ರೋಯ್ಡನ್ನಿನ ರೈಲು ಹತ್ತಿದರು.

ರಾಮಪ್ರಸಾದನ ಫ್ಲಾಟು ಆರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತ ಬೆಲ್ ಒತ್ತಿದಾಗ ಬಾಗಿಲು ತೆಗೆದವಳು ಸಿರಿಶಾ. ಅವಳು ಅವರನ್ನು ನೋಡಿದವಳೇ ಒಳಗೆ ಓಡಿದಳು. ರಾಮಪ್ರಸಾದ ಹೊಸ್ತಿಲಲ್ಲೇ ನಿಂತ. ಒಳಗೆ ಬನ್ನಿ ಎನ್ನಲಿಲ್ಲ.

ಡೊನಾಲ್ಡರು ನಡೆದದ್ದು ಹೇಳಿದರು. ಜಗನ್ನಾಥರ ಹೆಸರು ಕೇಳಿದಾಗ ಅವನ ಮುಖ ಬದಲಾಗಲಿಲ್ಲ. ಜಗದೇವಪ್ಪ ಆಗಲೇ ಫೋನ್ ಮಾಡಿದ್ದರು.

"ನನ್ನದು ತಪ್ಪಾಯ್ತು ಮಗಾ. ಕ್ಷಮೆ ಕೇಳ್ಲಿಕ್ಕೆ ಬಂದದ್ದು."

"ಇಲ್ಲೇನಕ್ಕೆ ಕೇಳ್ತೀರಾ ಅಂಕಲ್? ಇಲ್ಲಿ ಯಾರಿದಾರೆ? ಬೈದಿದ್ದು ಹಾಲ್‌ನಲ್ಲಿ ಅಲ್ವಾ? ನಲವತ್ತು ಜನದ ಮುಂದೆ."

"ಅಲ್ಲಿಯೇ ಕೇಳ್ತೇನೆ. ಮುಂದಿನ ಸಭೆ ಯಾವತ್ತು?"

"ಸೆಕ್ರೆಟರಿನ ಕೇಳಿ," ಎಂದು ರಾಮಪ್ರಸಾದ ಬಾಗಿಲು ಹಾಕಿಕೊಂಡ.