ತಿರುಗಿಸಿಟ್ಟ ಚಪ್ಪಲಿ

ಬಂಡೆಯ ತುದಿಯಲ್ಲಿ ಅಶ್ವತ್ಥನ ಚಪ್ಪಲಿಗಳಿದ್ದವು. ಅಶ್ವತ್ಥ ಇರಲಿಲ್ಲ. ಕೆಳಗೆ ಸಮುದ್ರ.

ಪ್ರಭಾ ಬಂಡೆಯಂಚಿಗೆ ಬಂದು ಕೆಳಗೆ ಇಣುಕಿದಳು. ಬೆಳಿಗ್ಗೆ ವಾಕಿಂಗ್ ಎಂದು ಹೊರಟ ಗಂಡ ಮಧ್ಯಾಹ್ನವಾದರೂ ಬಂದಿರಲಿಲ್ಲ.

"ಹಾರಿಬಿಟ್ಟಿದ್ದಾನೆ," ಎಂದ ವಿಘ್ನೇಶ್, ಅಶ್ವತ್ಥನ ಸಹೋದ್ಯೋಗಿ. "ಇಲ್ಲಿ ಸಾಯೋರು ಹೀಗೇ ಚಪ್ಪಲಿ ಜೋಡಿಸಿಟ್ಟು ಹೋಗ್ತಾರೆ."

ಜಪಾನಿ ಪೊಲೀಸ್ ಒಕಾದಾ-ಸಾನ್ ತಲೆ ತಗ್ಗಿಸಿದರು. ಅವರಿಗೂ ಅದೇ ಅನ್ನಿಸಿತ್ತು. ದೋಣಿಗಳು ಆಗಲೇ ಬಂಡೆಯ ಬುಡದಲ್ಲಿ ಹೆಣ ಹುಡುಕುತ್ತಿದ್ದವು.

ಗ್ರೀಸಿಗೆ ಹೋಗಬೇಕಿದ್ದ ರಜೆ ಇದು. ಕೊರೊನಾ ಎಲ್ಲಕ್ಕೂ ಕಲ್ಲು ಹಾಕಿದ ಮೇಲೆ, ವಿಘ್ನೇಶನೂ ಸೇರಿ ನಾಲ್ವರು ಒಸಾಕಾದಿಂದ ಆಲಿವ್ ಬೆಳೆಯುವ ಈ ದ್ವೀಪಕ್ಕೆ ಬಂದು ಬಾಡಿಗೆ ಮನೆ ಹಿಡಿದಿದ್ದರು. ಗ್ರೀಸಿನಂತೆಯೇ ಬಿಳಿ ಗಾಳಿಗಿರಣಿ, ನೀಲಿ ನೀರು. ಹಾಳೂರಿಗೆ ಉಳಿದವನೇ ಗೌಡ! ಆದರೆ ಅಶ್ವತ್ಥ ನಗುವುದನ್ನೇ ಬಿಟ್ಟಿದ್ದ. ಮೇ ತಿಂಗಳಲ್ಲಿ ಮೈಸೂರಿನಲ್ಲಿ ತೀರಿಕೊಂಡ ಅಪ್ಪನ ಅಂತ್ಯಕ್ರಿಯೆಯನ್ನು ಅವನು ಫೋನಿನಲ್ಲಿ ನೋಡಿದ್ದ. ಹಾಗಾಗಿ ಎಲ್ಲರೂ ನಂಬಿಬಿಟ್ಟರು.

ಪ್ರಭಾಳ ತಂಗಿ ಜ್ಯೋತ್ಸ್ನಾ ಮಾತ್ರ ನಂಬಲಿಲ್ಲ. ಚಪ್ಪಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಅಕ್ಕಾ, ಭಾವ ಮನೇಲಿ ಚಪ್ಪಲಿ ಹೇಗೆ ಬಿಡ್ತಾರೆ?"

"ಈಗ ಅದಾ ಮುಖ್ಯ?"

"ಹೇಳು."

"ಒಂದು ಕಾಶಿ ಕಡೆ, ಒಂದು ರಾಮೇಶ್ವರದ ಕಡೆ. ದಿನಾ ಬೈತಿದ್ದೆ ಕಣೇ..." ಪ್ರಭಾಳಿಗೆ ಅಳು ಉಕ್ಕಿ ಬಂತು.

"ವಿಘ್ನೇಶ್ ಅವರೇ, ಬೆಳಿಗ್ಗೆ ಎಲ್ಲಿದ್ರಿ?" ಜ್ಯೋತ್ಸ್ನಾ ತಿರುಗಿ ಕೇಳಿದಳು.

"ರೂಮಲ್ಲೇ. ಮಲಗಿದ್ದೆ."

"ಜಪಾನಿಗೆ ಬಂದು ಎಷ್ಟು ವರ್ಷ ಆಯ್ತು?"

"ಹನ್ನೊಂದು. ಏನಿದು, ಇಂಟರ್ವ್ಯೂನಾ?"

"ಚಪ್ಪಲಿ ಮುಖ ಯಾವ ಕಡೆ ಇದೆ, ನೋಡಿ."

ಎಲ್ಲರೂ ನೋಡಿದರು. ಸಮುದ್ರದ ಕಡೆಗಲ್ಲ— ದಡದ ಕಡೆಗೆ!

"ಸಮುದ್ರದ ಕಡೆ ನಡೆಯೋನು ಹಾಗೇ ಬಿಟ್ರೆ ಮುಖ ಸಮುದ್ರಕ್ಕಿರುತ್ತೆ. ಸಾಯೋನು ವಾಪಸ್ ಬಂದು ಹಾಕ್ಕೊಳ್ಳೋಕೆ ತಿರುಗಿಸಿಡ್ತಾನಾ? ಇದು ಇಲ್ಲಿನವರ ಅಭ್ಯಾಸ— ಬಾಗಿಲಲ್ಲಿ ಬಿಟ್ಟ ಶೂನ ಹೊರಗಡೆ ಮುಖ ಮಾಡಿ ಇಡೋದು. ನಮ್ಮ ಬಾಡಿಗೆ ಮನೆ ಬಾಗಿಲಲ್ಲಿ ಹಾಗಿರೋದು ಒಂದೇ ಜೊತೆ. ನಿಮ್ಮದು, ವಿಘ್ನೇಶ್. ಕೈ ತನ್ನ ರೂಢಿ ಬಿಡಲಿಲ್ಲ."

ವಿಘ್ನೇಶ್ ನಗಲು ನೋಡಿದ. ಕಣ್ಣು ಮಾತ್ರ ಜಾರಿತು— ದೋಣಿಗಳ ಕಡೆಗಲ್ಲ, ಎದುರಿನ ಪುಟ್ಟ ನಡುಗಡ್ಡೆಯ ಕಡೆಗೆ. ಬೆಳಿಗ್ಗೆ ಇಳಿತದಲ್ಲಿ ಅಲ್ಲಿಗೆ ಮರಳಿನ ದಾರಿಯಿತ್ತು. ಈಗ ನೀರು ಅದನ್ನು ನುಂಗಿತ್ತು.

"ಅಲ್ಲಿದ್ದಾರಾ?" ಜ್ಯೋತ್ಸ್ನಾ ಕಿರುಚಿದಳು. "ನೀರು ಏರ್ತಿದೆ, ಹೇಳಿ!"

"ಬೇಕೂಂತ ತಳ್ಳಿಲ್ಲ..." ಅವನು ಕುಸಿದ. "ಕಂಪನಿ ನನ್ನ ವಾಪಸ್ ಕಳಿಸ್ತಿದೆ, ಅವನನ್ನ ಇಟ್ಕೊಳ್ತಿದೆ. ಜಗಳ ಆಯ್ತು. ತಲೆ ಕಲ್ಲಿಗೆ ಬಡೀತು. ಸತ್ತೋದ ಅಂದ್ಕೊಂಡು ಓಡಿಬಂದೆ. ಮರಳು ದಾಟೋಕೆ ಅವನು ಈಚೆ ಬಿಟ್ಟಿದ್ದ ಚಪ್ಪಲಿ ತಂದು ಇಲ್ಲಿಟ್ಟೆ."

"ಉಸಿರಿತ್ತಾ?" ಪ್ರಭಾ ಅವನ ಕಾಲರ್ ಹಿಡಿದಳು. "ಮೂಗಿನ ಹತ್ರ ಕೈಯಾದ್ರೂ ಇಟ್ಟು ನೋಡಿದ್ಯಾ?"

ಜ್ಯೋತ್ಸ್ನಾ ಪೊಲೀಸಿಗೆ ನಡುಗಡ್ಡೆಯತ್ತ ಕೈ ತೋರಿಸಿದಳು.

ಒಕಾದಾ-ಸಾನ್ ವೈರ್‌ಲೆಸ್‌ನಲ್ಲಿ ಕೂಗಿದರು. ದೋಣಿಗಳು ನಡುಗಡ್ಡೆಯತ್ತ ತಿರುಗಿ ಬಂಡೆಗಳ ಹಿಂದೆ ಮರೆಯಾದವು. ಪ್ರಭಾ ಆ ನೀಟಾದ ಜೋಡಿಯನ್ನು ನೋಡಲಾರದೆ ಕಾಲಿನಿಂದ ಒದ್ದಳು. ಒಂದು ಅತ್ತ ಬಿತ್ತು, ಒಂದು ಇತ್ತ.

"ಅವರೇ ಬಂದು ಹುಡುಕಿ ಹಾಕ್ಕೊಳ್ಳಲಿ," ಎಂದಳು.

ಬಹಳ ಹೊತ್ತಿನ ಮೇಲೆ ಒಂದು ದೋಣಿ ಮತ್ತೆ ಕಾಣಿಸಿತು. ಅದರಲ್ಲಿದ್ದವನು ಎದ್ದು ನಿಂತು, ಎರಡೂ ಕೈಯನ್ನು ತಲೆಯ ಮೇಲೆ ದುಂಡಗೆ ಕೂಡಿಸಿದ— ಇಲ್ಲಿನವರು 'ಸರಿ' ಅನ್ನುವ ಸನ್ನೆ.

"ಜೀವ ಇದೆ ಅಂತ, ಅಕ್ಕಾ!"

ಪ್ರಭಾ ಚಪ್ಪಲಿಗಳನ್ನು ಎದೆಗವಚಿಕೊಂಡು, ಬರಿಗಾಲಲ್ಲಿ ಕೆಳಗಿನ ದಡಕ್ಕೆ ಓಡಿದಳು.